ಸೆರಗಿಲ್ಲದವಳ ಉಡಿ

ವಿಮಾನ ಹಾರಿಸಲು ಕಲಿಯುವಾಗ ದುಪಟ್ಟಾ ಹಾಕಬಾರದು ಎಂದು ಗುರುಗಳು ಮೊದಲ ದಿನವೇ ಹೇಳಿದ್ದರು. ಸಡಿಲ ಬಟ್ಟೆ ಮೂತಿಯ ಪಂಖಕ್ಕೋ ವಿಮಾನ ನಡೆಸುವ ಕೋಲಿಗೋ ಸಿಕ್ಕರೆ ಮುಗಿಯಿತು. ನಾನು ಅದನ್ನು ಮನೆಯಲ್ಲೇ ಬಿಟ್ಟು, ಅಣ್ಣನ ಪ್ಯಾಂಟು ಶರ್ಟು ತೊಟ್ಟು ಕಾಗವಾಡದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ನಿಂತೆ. ಊರೆಲ್ಲ ನೋಡಿತು. ನೋಡಲಿ ಎಂದೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ದ್ರಾಕ್ಷಿ ತೋಟದ ಮನೆತನ. ಗಡಿಯಾಚೆ ಮರಾಠಿ ಸೀಮೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನನ್ನ ಹೆಸರು ಹಚ್ಚಿದವನು ಅಪ್ಪ. ಮೂರೇ ತಿಂಗಳಲ್ಲಿ ಅಪ್ಪ ತೀರಿಕೊಂಡ. ಮನೆಯ ಯಜಮಾನಿಕೆ ಅಪ್ಪನ ತಮ್ಮ, ನಮ್ಮ ಕಾಕಾನ ಕೈಗೆ ಬಂತು. ಒಂದು ದಿನ ಊಟಕ್ಕೆ ಕೂತಾಗ ಕಾಕಾ ಹೇಳಿಯೇಬಿಟ್ಟ: "ಈ ಐತವಾರ ನಾವೂ ಬರತೇವಿ. ಒಬ್ಬಾಕಿನ ಹಾರಿ ತೋರಸು. ಆಗಲಿಲ್ಲಂದ್ರ ಸೋಮವಾರದಿಂದ ಎಲ್ಲಾ ಬಂದ್. ವರ ನೋಡತೇನಿ."

ಅಲ್ಲಿಯವರೆಗೆ ಗುರುಗಳಿಲ್ಲದೆ ನಾನು ಒಂದು ಸಲವೂ ನೆಲ ಬಿಟ್ಟಿರಲಿಲ್ಲ.

ಗುರುಗಳು ಮರಾಠಿಯವರು. ಕನ್ನಡ ತಿಳಿಯುತ್ತಿತ್ತು, ಮಾತು ಕಡಿಮೆ. "ಡೋಳ್ಯಾನಂ ನಾಹೀ, ಹಾತಾನಂ ಬಘ" ಎನ್ನುತ್ತಿದ್ದರು. ಕಣ್ಣಿನಿಂದಲ್ಲ, ಕೈಯಿಂದ ನೋಡು. ವಿಮಾನ ಸ್ವಲ್ಪ ಹೊತ್ತು ನಿಂತಿದ್ದರೂ ಮತ್ತೆ ಹತ್ತುವ ಮುಂಚೆ ಎಲ್ಲ ಮೊದಲಿನಿಂದ ನೋಡಬೇಕು. ಎಣ್ಣೆ, ರೆಕ್ಕೆಯ ಕೀಲು, ಗಾಲಿ, ಸೀಟಿನ ಕೆಳಗೂ ಕೈ ಹಾಕಬೇಕು.

ಐತವಾರ ಅವ್ವ, ಕಾಕಾ ಇಬ್ಬರೂ ಬಂದರು. ಅವ್ವನ ಕೈಯಲ್ಲೊಂದು ಬಟ್ಟೆಯ ಚೀಲ. ಗುರುಗಳ ಜೊತೆ ಮೂರು ಸಲ ಹಾರಿ ಇಳಿದೆ. ಚಹಾ ಕುಡಿದು ಬಾ, ಆಮೇಲೆ ನೀನೊಬ್ಬಳೇ ಎಂದರು. ನಾನೂ ಗುರುಗಳೂ ಚಹಾ ಕುಡಿಯುವ ಹೊತ್ತಿಗೆ ಅವ್ವನಿಗೆ ವಿಮಾನ ಮುಟ್ಟಿ ನೋಡುವ ಆಸೆಯಾಯಿತು. ಕಾವಲಿನವನು ಬಾಗಿಲು ತೆಗೆದು ತೋರಿಸಿದ.

ಮರಳಿ ಬಂದವಳೇ ಎಂಜಿನ್ನಿನಿಂದ ತಪಾಸಣೆ ಶುರುಮಾಡಿದೆ. ಕಂಬದ ಮೇಲಿನ ಗಾಳಿಚೀಲ ಆಗಲೇ ಅಲುಗಾಡುತ್ತಿತ್ತು. ಗಾಳಿ ಜೋರಾದರೆ ಅವತ್ತಿನ ಹಾರಾಟ ರದ್ದು.

"ಮುಂಜಾನೆ ನೋಡಿದ್ದನ್ನ ಎಷ್ಟ ಸಲ ನೋಡತಿ? ಅಂಜಿಕಿ ಬಂದೈತಿ ಅನ್ನು, ಮನಿಗೆ ಹೋಗೂಣು," ಎಂದ ಕಾಕಾ.

ಮೈ ಉರಿಯಿತು. ಅಂಜುಬುರುಕಿ ಎನ್ನಿಸಿಕೊಂಡರೂ ಸರಿ, ಒಂದು ಕೀಲನ್ನೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ. ಬೇಕೆಂದೇ ಇನ್ನಷ್ಟು ನಿಧಾನ ಮಾಡಿದೆ, ಸುಳ್ಳೇಕೆ ಹೇಳಲಿ. ಕೊನೆಗೆ ಸೀಟಿನ ಕೆಳಗೆ ಕೈ ಹಾಕಿದರೆ ಜುಟ್ಟು ಸಿಕ್ಕಿತು. ಅರಿಷಿಣ ಕುಂಕುಮ ಹಚ್ಚಿದ ತೆಂಗಿನಕಾಯಿ.

ಗುರುಗಳ ಮುಖ ಬಿಳಿಚಿಕೊಂಡಿತು. ವಿಮಾನ ಓಡುವ ಕುಲುಕಾಟಕ್ಕೆ ಆ ಕಾಯಿ ಉರುಳಿ ಕೋಲಿನ ಬುಡಕ್ಕೆ ಸಿಕ್ಕರೆ, ಎತ್ತಿದ ಮೂತಿಯನ್ನು ಮತ್ತೆ ಕೆಳಗಿಳಿಸಲಾಗದೆ ವಿಮಾನ ಬೀಳುತ್ತದೆ. ಅವ್ವನಿಗೆ ಇದೆಲ್ಲ ಏನು ಗೊತ್ತು? ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

"ಸೆರಗಿಲ್ಲ, ದುಪಟ್ಟಾನೂ ಇಲ್ಲ. ಎಲ್ಲಿ ತುಂಬ್ಲಿ? ಅದಕ ಅಲ್ಲಿಟ್ಟೆ," ಎಂದಳು ಅವ್ವ. ಕಣ್ಣು ತುಂಬಿದ್ದವು.

"ಇಟ್ಟ ಕಾಯಿ ತಗೀಬಾರದು, ಅಪಶಕುನ. ಅಲ್ಲೇ ಇರ್ಲಿ," ಎಂದ ಕಾಕಾ.

"ಕಾಯಿ ಇದ್ರ ನಾ ಹೋಗೂದಿಲ್ಲ," ಎಂದೆ. ಕಾಯಿಯನ್ನು ಅವ್ವನ ಕೈಗೇ ಕೊಟ್ಟೆ. "ಯವ್ವಾ, ನಾ ಇಳದ ಮ್ಯಾಲ ತುಂಬು. ಅಲ್ಲೀತನಕ ಹಿಡಕೊಂಡ ನಿಂದ್ರು."

ಗುರುಗಳು ತಾವೂ ಸೀಟಿನ ಕೆಳಗೆ ಕೈಯಾಡಿಸಿದರು. ತಮ್ಮ ಖಾಲಿ ಸೀಟಿನ ಬೆಲ್ಟು ಬಿಗಿದು ಕಟ್ಟಿ, ದೂರ ಸರಿದು ಕೈ ಬೀಸಿದರು.

ಒಬ್ಬಳೇ ಇದ್ದುದರಿಂದ ವಿಮಾನ ನಾನೆಣಿಸಿದ್ದಕ್ಕಿಂತ ಬೇಗ ಎದ್ದಿತು. ಕೆಳಗೆ ಕಬ್ಬಿತ್ತೋ ಹೊಳೆಯಿತ್ತೋ, ನೋಡಲು ಪುರಸೊತ್ತಿರಲಿಲ್ಲ. ಗುರುಗಳು ಪಕ್ಕದಲ್ಲೇ ಇದ್ದಾರೆ ಎಂಬಂತೆ ಪ್ರತಿ ಕೆಲಸವನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತ ಒಂದು ಸುತ್ತು ಹಾಕಿ ಇಳಿದೆ. ಗಾಲಿ ಒಮ್ಮೆ ಪುಟಿಯಿತು, ಅಷ್ಟೇ.

"ಆತಲ್ಲ, ಆಸೆ ತೀರ್ತಲ್ಲ. ಇನ್ನ ಸಾಕ್ ಮಾಡು," ಎಂದ ಕಾಕಾ.

ಹಾರದಿದ್ದರೂ ಬಂದ್, ಹಾರಿದರೂ ಬಂದ್! ನಾನು ಜಗಳಕ್ಕೆ ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದಳು. ಅಲ್ಲಿಯವರೆಗೂ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದಳು. ನನ್ನ ಶರ್ಟಿನ ತುದಿಯನ್ನು ಜಗ್ಗಿ ನನ್ನ ಕೈಗೆ ಹಿಡಿಸಿ, ಅದರಲ್ಲಿ ಚೀಲದೊಳಗಿನ ಅಕ್ಕಿ, ಉತ್ತತ್ತಿ, ಆ ಕಾಯಿ ಹಾಕಿದಳು. ಉಡಿ ತುಂಬುವುದು ಹೊರಡುವವಳಿಗೆ. ಕಾಕಾನಿಗೂ ಅದು ಗೊತ್ತಿತ್ತು.

ಅವನತ್ತ ನೋಡದೆ ಅವ್ವ ಗುರುಗಳನ್ನು ಕೇಳಿದಳು: "ನಾಳೆ ಎಷ್ಟಕ್ಕ ಕಳಸ್ಲಿರಿ ಇಕಿನ್ನ?"