ಅರ್ಧ ಕಾದಂಬರಿ ಓದಿದಾಗ ಬಂದ ವರ

ದುಃಖದ ಕಾದಂಬರಿ ಓದಿ ಮುಗಿಸಿ ಹಗುರಾದವಳು ನಾನೊಬ್ಬಳೇ ಇರಬೇಕು. ಅದೊಂದು ಹಳೆಯ ಕಾಲದ ಪರದೇಶದ ಕಾದಂಬರಿ, ಕನ್ನಡಕ್ಕೆ ಬಂದದ್ದು. ಇಟ್ಟಿಗೆಯಷ್ಟು ದಪ್ಪ. ನಾನು ಕಲಿಸುವ ಮುಂಡರಗಿಯ ಹೈಸ್ಕೂಲಿನ ಕಪಾಟಿನಲ್ಲಿ ಯಾರೂ ಮುಟ್ಟದೆ ಬಿದ್ದಿತ್ತು. ಬೆಟಗೇರಿಯ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುವವಳು ನಾನು. ಕೂಡಲು ಜಾಗ ಸಿಕ್ಕರೆ ಹತ್ತು ಪುಟ, ನಿಂತರೆ ಒಂದೂ ಇಲ್ಲ. ಹೀಗಾಗಿ ಅರ್ಧಕ್ಕೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು.

ಅಷ್ಟರಲ್ಲಿ ವರ ಬಂದ. ನನಗಾಗ ಮೂವತ್ಮೂರು. “ವಿಜ್ಞಾನ ಕಲಿಸ್ತಾಳ, ಸ್ಕೂಟಿ ಹೊಡಿತಾಳ, ಬಾಯಿನೂ ಐತಿ” ಎಂದು ಓಣಿಯವರು ನನ್ನನ್ನು ವರ್ಣಿಸುತ್ತಿದ್ದರು. ಬಾಯಿಯ ಮಾತು ಬಂದಾಗ ದನಿ ಸ್ವಲ್ಪ ಏರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರೀತನ ಕಾಕಾನದು, ಅಂದರೆ ಅಪ್ಪನ ತಮ್ಮನದು. ಆತ ಹುಡುಕಿ ತಂದ ವರ ಲಕ್ಷ್ಮೇಶ್ವರದವ, ಕಾಲೇಜಿನಲ್ಲಿ ಉಪನ್ಯಾಸಕ. ನನ್ನನ್ನು ನೋಡಲು ಬಂದಾಗ ಮೇಜಿನ ಮೇಲಿದ್ದ ಪುಸ್ತಕ ಎತ್ತಿ, “ಇದನ್ನ ನಾನೂ ಓದೇನ್ರಿ” ಎಂದ. ಆಯಿತು, ನಾನು ಬಿದ್ದೆ. ಅಲ್ಲಿಯವರೆಗೆ ಬಂದ ಯಾವ ವರನೂ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟು ಬೇರೇನನ್ನೂ ಓದಿರಲಿಲ್ಲ.

“ಆಕಿ ಒಂಚೂರು ಹೊಂದ್ಕೊಂಡಿದ್ರ ಸಂಸಾರ ಚೊಲೊ ಆಗ್ತಿತ್ತು” ಎಂದು ಕಥೆಯ ನಾಯಕಿಯ ಬಗ್ಗೆಯೂ ಆತ ಸೇರಿಸಿದ. ನಾನಿನ್ನೂ ಅವಳ ಮದುವೆಯವರೆಗೂ ಬಂದಿರಲಿಲ್ಲ. ಪೂರ್ತಿ ಓದಿದವರ ಮಾತು, ಖರೆ ಇರಬಹುದು ಎಂದು ತಲೆಯಾಡಿಸಿದೆ. ಈಗ ನೆನೆದರೆ ಆ ತಲೆಯಾಟಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮುಂದಿನ ಭಾನುವಾರ ಕಾಕಾ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ವರನ ಮನೆ ನೋಡಲು ಹೊರಟ. ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಮನೆ ನೋಡಲು ಹೋದವರು ಚಹಾ ಕುಡಿಯಬಹುದು, ಅವಲಕ್ಕಿ ತಿನ್ನಬಹುದು, ಆದರೆ ತಾಟಿನ ಮುಂದೆ ಕೂತು ಉಣ್ಣುವಂತಿಲ್ಲ. ಉಂಡರೆ ಸಂಬಂಧ ಒಪ್ಪಿದಂತೆ. “ಏನಾದ್ರೂ ಆಗ್ಲಿ, ಉಣಬ್ಯಾಡ್ರಿ, ಆಕಿ ಇನ್ನೂ ಹೂಂ ಅಂದಿಲ್ಲ” ಎಂದು ಅವ್ವ ಬಾಗಿಲವರೆಗೂ ಹೋಗಿ ಹೇಳಿದಳು.

ಅವರು ಅತ್ತ ಹೋದರು, ನಾನಿತ್ತ ಪುಸ್ತಕ ಹಿಡಿದು ಕೂತೆ. ಬಸ್ಸಿನ ಕುಲುಕಾಟವಿಲ್ಲದ್ದಕ್ಕೆ ಪುಟಗಳು ಓಡಿದವು. ತಾನೇ ದುಡಿದು, ತಾನೇ ತಿರುಗಿ, ಅನ್ನಿಸಿದ್ದನ್ನು ಆಡಿಬಿಡುತ್ತಿದ್ದ ಆ ಹೆಣ್ಣು, ಬುದ್ಧಿವಂತನೊಬ್ಬನನ್ನು ಮೆಚ್ಚಿ ಮದುವೆಯಾದಳು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಆಕೆ ಏನಾದರೂ ಹೇಳಿದರೆ ಸಣ್ಣಗೆ ನಗುತ್ತಾನೆ, ಅಷ್ಟೇ. ನೂರು ಪುಟ ಹೀಗೇ ನಕ್ಕ. ಆಕೆ ಮೊದಲು ವಾದಿಸಿದಳು, ಆಮೇಲೆ ತಿಳಿಸಿ ಹೇಳಿದಳು, ಕೊನೆಗೆ ಅಡುಗೆ ಏನು ಮಾಡಿಸಲಿ ಎಂಬುದರ ಹೊರತು ಬೇರೆ ಮಾತನ್ನೇ ಬಿಟ್ಟಳು. ಅಲ್ಲಿಗೆ ಬಂದಾಗ ವರನ ಮಾತು ನೆನಪಾಯಿತು. ಇವಳು ಇನ್ನೆಷ್ಟು ಹೊಂದಿಕೊಳ್ಳಬೇಕಿತ್ತು?

ಹಿರಿಯರು ಲಕ್ಷ್ಮೇಶ್ವರ ಬಿಟ್ಟಿರಬಹುದಾದ ಹೊತ್ತು ನೋಡಿ ಅವನಿಗೆ ಫೋನು ಹಚ್ಚಿದೆ. “ತಪ್ಪು ಆಕಿದು ಅಂತ ಈಗೂ ಅಂತೀರೇನ್ರಿ?” ಎಂದು ಕೇಳಿದೆ. ಆತ ಸಣ್ಣಗೆ ನಕ್ಕ. “ಇನ್ನ ಆ ಪುಸ್ತಕಾ ಬದಿಗಿಡ್ರಿ. ನಿಮ್ಮ ಕಾಕಾ ಈಗಷ್ಟ ಉಂಡು ಹೋದ್ರು.”

ಒಬ್ಬರು ಉಂಡದ್ದಕ್ಕೆ ನನ್ನ ಇಡೀ ಆಯುಷ್ಯ ಕೊಟ್ಟಂತಾಗಿತ್ತು.

ಸಂಜೆ ಕಾಕಾ ತಲೆ ತಗ್ಗಿಸಿಕೊಂಡೇ ಒಳಗೆ ಬಂದು ಅತ್ತಿಗೆಯಾದ ಅವ್ವನಿಗೆ ಹೇಳಿದ. “ಶಿರಹಟ್ಟಿ ಹತ್ರ ಬಸ್ಸು ಕೆಟ್ಟು ನಿಂತಿತ್ತು ವೈನಿ, ಹೊಟ್ಟಿ ಚುರುಗುಟ್ಟತಿತ್ತು. ಅವರು ನೋಡಿದ್ರ ಗೋಧಿ ಹುಗ್ಗಿ ಮಾಡಿದ್ರು, ಮ್ಯಾಲೆ ತುಪ್ಪ…” ಬೆಲ್ಲದ ಆ ಸಿಹಿ ಹುಗ್ಗಿಯೆಂದರೆ ಕಾಕಾ ಲೋಕ ಮರೆಯುವವ. ನಾನು ಒಲ್ಲೆ ಎಂದು ಸ್ಪಷ್ಟವಾಗಿ ಹೇಳಿದೆ. “ಉಂಡ ಮ್ಯಾಲೆ ಹೆಂಗ ಬ್ಯಾಡ ಅನ್ಲಿ? ನಾ ಯಾವ ಮಾರಿ ತೋರಿಸ್ಲಿ?” ಎಂದು ಆತ ಅವ್ವನತ್ತ ನೋಡಿದ. ಅವಳೂ ರೂಢಿಯ ಕಡೆಗೇ ನಿಂತುಬಿಟ್ಟರೆ ಏನು ಗತಿ ಎಂದು ನನಗೆ ಅಳು ಬರುವಷ್ಟು ಹೆದರಿಕೆಯಾಯಿತು.

“ಉಂಡವರು ನೀವು, ಬಾಳೇ ಮಾಡಾಕಿ ಆಕಿ” ಎಂದಳು ಅವ್ವ. “ಉಂಡದ್ದು ಅಡ್ಡ ಬರ್ತಿದ್ರ ಹೊಳ್ಳಿ ಕೊಟ್ಟು ಬರ್ರಿ.”

ಮರುದಿನ ನಸುಕಿನಲ್ಲೇ ಅವಳು ಹುಗ್ಗಿ ಮಾಡಿ, ದೊಡ್ಡ ಸ್ಟೀಲ್ ಡಬ್ಬಿ ತುಂಬಿ, ಕಾಕಾನ ಕೈಗಿಟ್ಟು ಲಕ್ಷ್ಮೇಶ್ವರದ ಬಸ್ಸು ಹತ್ತಿಸಿದಳು. ಆತ ಊರು ಮುಟ್ಟುವ ಮೊದಲೇ ನಾನು ವರನಿಗೆ ಫೋನಿನಲ್ಲಿ ಬೇಡವೆಂದು ಹೇಳಿದೆ. ಈ ಸಲ ಆತ ನಗಲಿಲ್ಲ. “ಆತು ಬಿಡ್ರಿ” ಎಂದು ಇಟ್ಟುಬಿಟ್ಟ.

ನಾನು ಶಾಲೆಗೆ ರಜೆ ಹಾಕಿದ್ದೆ. ಸಂಜೆಯವರೆಗೂ ನಾನೂ ಅವ್ವನೂ ಬಾಗಿಲ ಕಡೆ ನೋಡುತ್ತಲೇ ಇದ್ದೆವು. ಜಗಳವಾಗಿ ಕಾಕಾನಿಗೆ ಅವಮಾನವಾದರೆ ಅದು ನನ್ನ ತಲೆಗೇ ಬರುವುದಿತ್ತು. ಆತ ಬಂದವನೇ ಡಬ್ಬಿ ಕೆಳಗಿಟ್ಟ. ಖಾಲಿ ಕೊಡಬಾರದೆಂದು ವರನ ತಾಯಿ ಅದರಲ್ಲಿ ಹಿಡಿ ಜೋಳ ಹಾಕಿ ಕಳಿಸಿದ್ದರು. “ಏನೂ ಅನ್ಲಿಲ್ಲ ವೈನಿ, ಎಲ್ಲಾರೂ ಕುಂತು ತಿಂದ್ರು. ಬೆಲ್ಲ ಒಂಚೂರು ಕಡಿಮಿ ಆಗೇತಿ ಅಂದ್ರು” ಎಂದ. ನಾನು ನಕ್ಕೆ, ನಗುನಗುತ್ತಲೇ ಅತ್ತೆ. ಎದೆಯ ಮೇಲಿನ ಭಾರ ಇಳಿದಿತ್ತು.

ಉಳಿದ ಪುಟಗಳನ್ನು ಆ ವಾರದಲ್ಲೇ ಮುಗಿಸಿದೆ. ಓದಲು ಬಾರದ ಅವ್ವ ರೊಟ್ಟಿ ಬಡಿಯುತ್ತ, “ಆ ಬುಕ್ಕಿನ್ಯಾಗಿನ ಹುಡುಗಿ ಏನಾದ್ಳು?” ಎಂದು ಕೇಳಿದಳು. ಕೊನೆಯವರೆಗೂ ಅದೇ ಮನೆಯಲ್ಲಿ ಉಳಿದಳು ಎಂದೆ.

“ಯಾಕ, ಹೊಳ್ಳಿ ಬಾ ಅನ್ನಾಕ ಆಕಿಗೆ ಅವ್ವ ಇದ್ದಿಲ್ಲೇನು?”

“ಇದ್ದಿಲ್ಲ ಬೇ. ಸಣ್ಣಾಕಿ ಇದ್ದಾಗ ತೀರಿಕೊಂಡಿದ್ಳು.”

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಹಂಗಾದ್ರ ತಪ್ಪು ಆಕಿದಲ್ಲ ಬಿಡು.”