ತೊರಗಲ್ ಕೋಟೆಯ ಮುಳ್ಳುದಾರಿ

ಸಂಪಗಾಂವದ ನಾವು ಹೆಂಗಸರು ನಾಲ್ಕು ಭಾನುವಾರ ದುಡಿದು ಊರ ಶಾಲೆಯ ಅಂಗಳ ಸ್ವಚ್ಛ ಮಾಡಿದ್ದೆವು. ಆ ಖುಷಿಗೆ ಟೆಂಪೊ ಮಾಡಿಕೊಂಡು ತೊರಗಲ್ ಕೋಟೆ ನೋಡಲು ಹೋದೆವು. ಬುರುಜಿಗೆ ಹತ್ತುವ ಮೆಟ್ಟಿಲುಗಳನ್ನೆಲ್ಲ ಜಾಲಿಮುಳ್ಳು ಮುಚ್ಚಿಬಿಟ್ಟಿತ್ತು.

"ಸಾಕ್ರಿ, ಇಲ್ಲೇ ಕುಂತು ಉಣ್ಣೂಣು" ಎಂದೆ ನಾನು.

ನನ್ನ ಅತ್ತೆ ಕೇಳಲಿಲ್ಲ. ಎಲ್ಲರಿಗೂ ಕಬ್ಬು ಕಡಿದುಕೊಡಲು ತಂದಿದ್ದ ಕುಡಗೋಲನ್ನು ಚೀಲದಿಂದ ತೆಗೆದರು.

"ಇಷ್ಟು ದೂರ ಬಂದು ಮ್ಯಾಲ ಏನೈತಿ ನೋಡಬ್ಯಾಡೇನು? ಸೀರಿ ಕಚ್ಚಿ ಹಾಕ್ರಿ!"

ಅವರು ಕಡಿದಂತೆ ನಾವು ಮುಳ್ಳನ್ನು ಎಳೆದು ಬದಿಗೆ ಹಾಕಿದೆವು. ತಾಸಿನಲ್ಲಿ ದಾರಿ ತೆರೆಯಿತು. ಎಲ್ಲರಿಗಿಂತ ಮೊದಲು ಹತ್ತಿದ ಅತ್ತೆ ಮೇಲಿಂದ ಕೂಗಿದರು:

"ಲಗೂ ಬರ್ರಿ! ಹೊಳಿ ಕಾಣಾಕತ್ತೈತಿ!"

ತರಚಿದ ಕೈಗಳನ್ನು ಮರೆತು, ಎರಡೆರಡು ಮೆಟ್ಟಿಲು ದಾಟುತ್ತ ಮೇಲಕ್ಕೆ ಓಡಿದೆ.