ಅಜ್ಜಿಯ ತವರಿನ ರಕ್ತ

ನಾನು ಮದುವೆಯಾದದ್ದು ನನ್ನ ಸ್ವಂತ ಸೋದರಮಾವನನ್ನು. ಹಾಗಾಗಿ ಕೌತಾಳದ ಆ ಮನೆಯಲ್ಲಿ ನನಗೆ ಅತ್ತೆಯಾದವಳು ನನ್ನ ತಾಯಿಯ ತಾಯಿ. ಮದುವೆಯ ನಂತರವೂ ಆಕೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ, ಗಂಡನನ್ನು ಮಾವ ಎಂದು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚೊಚ್ಚಲ ಬಸುರಿ. ಆ ಮಳೆಗಾಲದಲ್ಲಿ ಮಾವನಿಗೆ ಚಳಿಜ್ವರ ಹತ್ತಿತು. ಗೋಡೆಗೆ ಡಿಡಿಟಿ ಹೊಡೆಯಲು ಬರುತ್ತಿದ್ದ ಮಲೇರಿಯಾದವರು ಹೊಸ ಗುಳಿಗೆ ಕೊಟ್ಟರು. ಜ್ವರವೇನೋ ಇಳಿಯಿತು. ಆದರೆ ಒಂದು ಬೆಳಿಗ್ಗೆ ಮಾವ ಗೋಡೆ ಹಿಡಿದುಕೊಂಡು ಬಚ್ಚಲಿನಿಂದ ಹೊರಬಂದ.

"ಒಳಗ ಹೋಗಿ ನೋಡು," ಎಂದ.

ಬಚ್ಚಲಗಲ್ಲಿನ ಮೇಲೆ ಉಚ್ಚೆ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಗಿತ್ತು. ಅಜ್ಜಿ ಬಂದು ನೋಡಿದವಳೇ ಅಲ್ಲೇ ಕುಸಿದು ಕೂತಳು. "ಸರ್ಕಾರದವರು ವಿಷಾ ಕೊಟ್ಟಾರ" ಎಂದು ಓಣಿಯವರು ತಮ್ಮ ಗುಳಿಗೆಗಳನ್ನೆಲ್ಲ ತಿಪ್ಪೆಗೆ ಎಸೆದರು.

ಆದವಾನಿಯ ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ಮಾವನ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಅರಿಶಿನ, ತುಟಿ ಸುಣ್ಣ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮತ್ತೆ ಮತ್ತೆ ಮೂಗಿನ ಬಳಿ ಬೆರಳಿಡುತ್ತಿದ್ದೆ.

ಸುತ್ತಲಿನ ಹಳ್ಳಿಗಳ ಜನರ ರಕ್ತ ಪರೀಕ್ಷಿಸಲು ಬಂದಿದ್ದ ಒಬ್ಬ ಡಾಕ್ಟರು ಆಸ್ಪತ್ರೆಯಲ್ಲಿದ್ದರು. ಗುಳಿಗೆ ನಿಲ್ಲಿಸಿ, ಮಾವನಿಗೆ ರಕ್ತ ಕೊಡಿಸಿ, ಜೊತೆಗೆ ಬಂದಿದ್ದ ಅಜ್ಜಿಯನ್ನು ಕರೆದರು.

"ಅಮ್ಮಾ, ನಿಮ್ಮ ತವರುಮನ್ಯಾಗ ಯಾವ ಗಂಡಸರಿಗಾದ್ರೂ ಹಿಂಗ ಆಗಿತ್ತೇನ್ರಿ?"

"ಯಾಕಪ್ಪ? ನಮ್ಮ ವಂಶ ಕೆಟ್ಟದ್ದು ಅಂತೀಯೇನು? ಮದುವಿ ಆಗಬೇಕಾದ ಮೊಮ್ಮಕ್ಕಳದಾರ ನನಗ."

"ಅಜ್ಜಿ, ಹೇಳು. ನಿನ್ನ ಕಾಲಿಗೆ ಬೀಳ್ತೀನಿ," ಎಂದೆ.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ನ ತಮ್ಮಗ ಆಗಿತ್ತು, ನಮ್ಮ ತವರು ನಾಗಲದಿನ್ನ್ಯಾಗ. ಜ್ವರದ ಗುಳಿಗಿ ನುಂಗಿದ್ದ. ಹಿಂಗ ಕಣ್ಣು ಹಳದಿ, ಉಚ್ಚಿ ಕರಿ. ಉಳೀಲಿಲ್ಲಪ್ಪ. ದೆವ್ವ ಬಡೀತು ಅಂದ್ರು."

"ದೆವ್ವ ಅಲ್ರಿ, ವಿಷಾನೂ ಅಲ್ಲ. ಕೆಲವರ ರಕ್ತ ಹುಟ್ಟಿದಾಗಿಂದ ಈ ಗುಳಿಗಿ ತಡಕೊಳ್ಳಲ್ಲ. ತಾಯಿಯಿಂದ ಗಂಡುಮಕ್ಕಳಿಗೆ ಬರ್ತೈತಿ. ಮಲೇರಿಯಾ ತಲೆಮಾರಿನಿಂದ ಇರೋ ಸೀಮ್ಯಾಗ ಇಂಥ ರಕ್ತದವರು ಜಾಸ್ತಿ. ಬಹುಶಃ ಆ ಜ್ವರ ಜೀವ ತೆಗೀದಂಗ ಅದೇ ನಿಮ್ಮ ವಂಶಾನ ಕಾಯ್ದೈತಿ. ಯಾವ ಊರಾಗ ಎಷ್ಟು ಮಂದಿ ಅದಾರ ಅಂತ ತಿಳೀದ ಈ ಗುಳಿಗಿ ಹಂಚಬಾರದು."

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದಕ್ಕ?" ಎಂದೆ.

"ಅಪ್ಪನಿಂದ ಮಗಗ ಬರಲ್ಲಮ್ಮ."

ನಾನು ಸಮಾಧಾನದ ಉಸಿರುಬಿಟ್ಟೆ. ಡಾಕ್ಟರು ಮುಂದುವರಿಸಿದರು: "ಆದ್ರ ನೀವು ಅವರ ಅಕ್ಕನ ಮಗಳು. ನಿಮ್ಮ ತಾಯಿಯಿಂದ ನಿಮಗ ಬಂದು, ನಿಮ್ಮಿಂದ ಮಗಗ ಹೋಗಬಹುದು."

ಮಾವ ನಿಧಾನವಾಗಿ ಚೇತರಿಸಿಕೊಂಡ. ನನ್ನ ಹೆದರಿಕೆ ಮಾತ್ರ ಹೊಟ್ಟೆಯ ಜೊತೆಗೇ ಬೆಳೆಯಿತು. ಗಂಡುಕೂಸು ಹುಟ್ಟಿತು. ಅದರ ಮೈ ಹಳದಿಗೆ ತಿರುಗಿದಾಗ ಬಾಣಂತನವನ್ನೂ ಲೆಕ್ಕಿಸದೆ ಮತ್ತೆ ಆದವಾನಿಗೆ ಓಡಿದೆವು. ಡಾಕ್ಟರು ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿ, ಇವನದೂ ಅದೇ ರಕ್ತ ಎಂದರು. ಹಳದಿ ತಾನಾಗಿ ಇಳಿಯುವವರೆಗೆ ನಾನು ಕೂಸನ್ನು ಕೆಳಗಿಳಿಸಲಿಲ್ಲ.

ಅಜ್ಜಿಯೇ ಡಾಕ್ಟರನ್ನು ಕೇಳಿದಳು: "ನನ್ನ ತಂಗೇರ ಮಕ್ಕಳು ಅದಾರಪ್ಪ. ಅವರಿಗೂ ಗುಳಿಗಿ ಕೊಡ್ತಾರೇನು?"

ಮರುವಾರ ಆಕೆ ಡಾಕ್ಟರ ಜೀಪು ಹತ್ತಿ ನಾಗಲದಿನ್ನೆಗೆ ಹೋದಳು. ತಂಗಿಯರ ಮನೆಗಳನ್ನು ತೋರಿಸಿ, ಹೆದರಿ ಬಾಗಿಲು ಹಾಕಿಕೊಂಡವರ ಮುಂದೆ ಮೊದಲು ತನ್ನ ಬೆರಳನ್ನೇ ಚುಚ್ಚಿಸಿಕೊಂಡಳಂತೆ. ಅಲ್ಲಿ ಇನ್ನೂ ಇಬ್ಬರು ಹುಡುಗರಲ್ಲಿ ಆ ರಕ್ತ ಸಿಕ್ಕಿತು. ಅವರಿಗೆ ಆ ಗುಳಿಗೆ ಕೊಡಲಿಲ್ಲ.